ರಸ್ತೆಯ ಮೇಲಿನ ಕಡಲೆ ಹೊಟ್ಟು

ವಾಹನ ಚಾಲನೆಯ ಪಠ್ಯಕ್ರಮ ಪರಿಷ್ಕರಣೆಯ ಸಮಿತಿ ಮೊದಲ ಸಲ ಸೇರಿದ್ದು ವಿಜಯಪುರದಲ್ಲಿ, ನಡು ಬೇಸಿಗೆಯಲ್ಲಿ. ಕಿಟಕಿಯ ಸರಳು ಮುಟ್ಟಿದರೆ ಕೈ ಚುರುಗುಟ್ಟುತ್ತಿತ್ತು. ನಮ್ಮ ಮುಂದಿಟ್ಟ ಕರಡಿನಲ್ಲಿ ಹಿಮ ಬಿದ್ದ ರಸ್ತೆಯ ಮೇಲೆ ವಾಹನ ಓಡಿಸುವುದು ಹೇಗೆ ಎಂಬುದಕ್ಕೆ ಒಂದು ಇಡೀ ಪುಟ ಮೀಸಲಾಗಿತ್ತು. ನನಗೆ ನಗು ತಡೆಯಲಾಗಲಿಲ್ಲ.

“ಸರ್, ನಮ್ಮ ಕಡೆ ಬರ್ಫ ಇರೂದು ಫ್ರಿಜ್ಜಿನಾಗ ಅಷ್ಟರಿ,” ಎಂದೆ.

ಅಧ್ಯಕ್ಷರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ತಾವೂ ನಕ್ಕು, ಆ ಪುಟಕ್ಕೆ ಅಡ್ಡಗೆರೆ ಎಳೆದರು. ಒಂದು ಮಾತಿಗೆ ಒಂದು ಪುಟ ಹೋಯಿತಲ್ಲ ಎಂದು ನಾನು ಉಬ್ಬಿಹೋದೆ. ತೆಗೆಯುವುದು ಸುಲಭ, ಸೇರಿಸುವುದು ಕಷ್ಟ ಎನ್ನುವುದು ಆಗ ನನಗೆ ಗೊತ್ತಿರಲಿಲ್ಲ.

ಹದಿನೆಂಟು ತುಂಬಿ ಹೊಸದಾಗಿ ಲೈಸೆನ್ಸ್ ತೆಗೆಸುವ ಕಾಲೇಜು ಮಕ್ಕಳಿಗೆ ಎಲ್ಲ ಕಡೆ ಒಂದೇ ಪಾಠ, ಒಂದೇ ಕ್ರಮ, ಒಂದೇ ಪರೀಕ್ಷೆ ಇರಬೇಕು ಎಂಬುದು ಸಮಿತಿಯ ಉದ್ದೇಶ. ಅಲ್ಲಿಯವರೆಗೆ ಒಬ್ಬೊಬ್ಬ ತರಬೇತುದಾರನದು ಒಂದೊಂದು ವೇದ. ನಾನು ಭೂತನಾಳದ ದಾರಿಯಲ್ಲಿ ಒಂದು ಖಾಲಿ ಜಾಗ ಹಿಡಿದು ಹೆಣ್ಣುಮಕ್ಕಳಿಗೆ ಸ್ಕೂಟರ್ ಕಲಿಸುವವಳು. ಸಮಿತಿಗೆ ಊರಿನ ಕಡೆಯ ತರಬೇತುದಾರರೊಬ್ಬರು ಬೇಕಾಗಿತ್ತು, ನನ್ನನ್ನು ತೆಗೆದುಕೊಂಡರು. ಟಿಕೋಟಾದ ಒಂದು ಕಾಲೇಜಿನಲ್ಲಿ, ಆಮೇಲೆ ಬಬಲೇಶ್ವರದ ಒಂದು ಕಾಲೇಜಿನಲ್ಲಿ ಹೊಸ ಪಠ್ಯವನ್ನು ಕಲಿಸಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕೊಂದು ಕಟ್ಟುನಿಟ್ಟಾದ ನಿಯಮವಿತ್ತು. ಪ್ರಯೋಗ ಮುಗಿಯುವವರೆಗೆ ಕಲಿಸುವವರು ಪಠ್ಯಕ್ಕೆ ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು. ಇಲ್ಲದಿದ್ದರೆ ಯಾವ ಊರಿನಲ್ಲಿ ಪಾಠ ಹಿಡಿಯಿತು, ಯಾವ ಊರಿನಲ್ಲಿ ಬಿಟ್ಟಿತು ಎಂದು ಹೋಲಿಸಲು ಆಗುವುದಿಲ್ಲ. ನಿಯಮ ನನಗೆ ಸರಿಯೆನಿಸಿತು. ಈಗಲೂ ಅದರಲ್ಲಿ ಅರ್ಥವಿಲ್ಲ ಎಂದು ಹೇಳಲಾರೆ.

ಪಠ್ಯದಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದು ಬ್ರೇಕಿನ ಪಾಠ. ನಮ್ಮ ಮಂದಿಗೆ ಮುಂದಿನ ಬ್ರೇಕ್ ಎಂದರೆ ಭಯ. ಸ್ಕೂಟರಿನ ಬಲಗೈಯ ಹಿಡಿಕೆ ಮುಂದಿನ ಚಕ್ರದ್ದು, ಎಡಗೈಯದು ಹಿಂದಿನ ಚಕ್ರದ್ದು. ಬಲಗೈ ಮುಟ್ಟಿದರೆ ಮುಗ್ಗರಿಸುತ್ತೇವೆ ಎಂದುಕೊಂಡು ಎಲ್ಲರೂ ಎಡಗೈ ಒಂದನ್ನೇ ಹಿಡಿಯುತ್ತಾರೆ, ಗಾಡಿ ಕಿರುಚುತ್ತ ಎಲ್ಲಿಗೋ ಹೋಗಿ ನಿಲ್ಲುತ್ತದೆ. ಒಣ ಡಾಂಬರಿನ ಮೇಲೆ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಚಕ್ರವೇ. ಪಠ್ಯ ಹೇಳುತ್ತಿದ್ದದ್ದು ಇಷ್ಟು: ಅಡ್ಡಿ ಕಂಡ ಕೂಡಲೇ ಎರಡೂ ಬ್ರೇಕುಗಳನ್ನು ಒಟ್ಟಿಗೆ ಹಿಡಿಯಿರಿ, ವಾಹನ ಪೂರ್ತಿ ನಿಲ್ಲುವವರೆಗೆ ಬಿಡಬೇಡಿ. ನಾನು ಸುಣ್ಣದಿಂದ ಗೆರೆ ಎಳೆದು, ಗೆರೆಯ ಮೇಲೆ ಮುಂದಿನ ಚಕ್ರ ನಿಲ್ಲುವ ತನಕ ಮಕ್ಕಳನ್ನು ಬಿಡುತ್ತಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಟಿಕೋಟಾದಲ್ಲಿ ತರಬೇತಿ ಶುರುವಾಯಿತು. ಆ ತಂಡದಲ್ಲಿ ಘೋಣಸಗಿಯ ಹುಡುಗಿಯೊಬ್ಬಳಿದ್ದಳು. ಅಪ್ಪನ ಹಳೆಯ ಸ್ಕೂಟರ್ ತರುತ್ತಿದ್ದಳು. ಮುಂದಿನ ವರ್ಷ ವಿಜಯಪುರಕ್ಕೆ ನರ್ಸಿಂಗ್ ಕಲಿಯಲು ಹೋಗುವ ಆಸೆ ಅವಳಿಗೆ. ಗಾಡಿ ಚೆನ್ನಾಗಿ ಹೊಡೆಯಲು ಬಂದರೆ ಮಾತ್ರ ಕಳಿಸುತ್ತೇನೆ, ಬಸ್ಸಿಗೆ ಕಾಯುತ್ತ ಕತ್ತಲು ಮಾಡಿಕೊಂಡು ಬರುವುದು ಬೇಡ ಎಂದು ಅಪ್ಪ ಹೇಳಿದ್ದನಂತೆ. ಹಾಗಾಗಿ ಉಳಿದವರಿಗೆ ಇದು ಸರ್ಟಿಫಿಕೇಟ್ ಆದರೆ ಇವಳಿಗೆ ಮನೆಯಿಂದ ಹೊರಬೀಳುವ ಬಾಗಿಲು. ಗೆರೆಯ ಮೇಲೆ ಚಕ್ರ ತಂದು ನಿಲ್ಲಿಸಿ, ತಲೆ ಎತ್ತಿ ನನ್ನ ಮುಖ ನೋಡುವಳು.

“ಮೇಡಂ, ನಿಮ್ಮ ಗೆರಿ ಇನ್ನಷ್ಟ ಈಕಡೆ ಸರಸ್ರಿ. ಮುಟ್ಟಿ ಮುಟ್ಟಿ ಬ್ಯಾಸರಾಗೇತಿ.”

“ಬಾಯಿ ಭಾಳ ಆತು ನಿಂದು. ಎರಡೂ ಬ್ರೇಕ್ ಹಿಡದಿ ಹೌದಲ್ಲೋ?”

“ಹಿಡದೇನ್ರಿ. ನಿಲ್ಲೂತನಾ ಬಿಟ್ಟಿಲ್ರಿ.”

ಪರೀಕ್ಷೆಯಲ್ಲಿ ಅವಳೇ ಮೊದಲು ಬಂದಳು. ಬಲಗೈಯ ಭಯವನ್ನು ಅಷ್ಟು ಬೇಗ ಬಿಟ್ಟವರನ್ನು ನಾನು ಹೆಚ್ಚು ಕಂಡಿಲ್ಲ. ಅವಳ ಅಂಕಗಳನ್ನು ಸಮಿತಿಗೆ ಕಳಿಸುವಾಗ ನನಗೇ ಬಹುಮಾನ ಬಂದಷ್ಟು ಖುಷಿಯಾಗಿತ್ತು.

ಕಡಲೆ ರಾಶಿಯ ದಿನಗಳಲ್ಲಿ ಒಂದು ಬೆಳಿಗ್ಗೆ ಕಾಲೇಜಿನ ಉಪನ್ಯಾಸಕರು ಫೋನ್ ಮಾಡಿದರು. ಘೋಣಸಗಿಯಿಂದ ಟಿಕೋಟಾಕ್ಕೆ ಬರುವ ದಾರಿಯಲ್ಲಿ ಹುಡುಗಿ ಬಿದ್ದಿದ್ದಳು, ಎದುರಿನಿಂದ ದ್ರಾಕ್ಷಿ ಹೇರಿಕೊಂಡು ಬರುತ್ತಿದ್ದ ಗೂಡ್ಸ್ ಗಾಡಿ ಅವಳ ಮೇಲೆ ಹಾದಿತ್ತು. ತಲೆಗೆ ಹೆಲ್ಮೆಟ್ ಇತ್ತು. ತಲೆಗೆ ಏನೂ ಆಗಿರಲಿಲ್ಲ. ವಿಜಯಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಮೂರನೆಯ ದಿನ ಅವರ ಮನೆಗೆ ಹೋದೆ. ತಾಯಿ ಒಳಮನೆಯ ಬಾಗಿಲಿಗೆ ಆನಿಕೊಂಡು ಕೂತಿದ್ದಳು, ಯಾರ ಮಾತಿಗೂ ತಲೆ ಎತ್ತಲಿಲ್ಲ. ತಂದೆ ನನ್ನನ್ನು ಹೊರಗೆ ಬೇವಿನ ಮರದ ಕೆಳಗೆ ಕರೆದುಕೊಂಡು ಹೋದ. ಊರ ಕಡೆಯವರು ನನ್ನನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಾರೆ.

“ಆಪಾ, ನಿಮಗ ಒಂದ ಮಾತ ಹೇಳತೇನಿ. ಎಲ್ಲೂ ಆಡಬ್ಯಾಡ್ರಿ. ರಸ್ತಾದ ಮ್ಯಾಲೆ ಕಡ್ಲಿ ಹಾಕಿತ್ರಿ. ನಮ್ಮಣ್ಣಂದ.”

ನಮ್ಮ ಕಡೆ ಇದು ಹೊಸದಲ್ಲ. ಕಣಗಳೆಲ್ಲ ಪ್ಲಾಟಾಗಿವೆ, ಒಣದ್ರಾಕ್ಷಿ ಶೆಡ್ಡುಗಳಾಗಿವೆ. ಯಂತ್ರದವನು ದೊಡ್ಡ ಹೊಲಕ್ಕೆ ಬರುತ್ತಾನೆ, ಸಣ್ಣ ತುಂಡಿಗೆ ಬರುವುದಿಲ್ಲ. ಆಗ ಒಣಗಿದ ಗಿಡ ತಂದು ಡಾಂಬರಿನ ಮೇಲೆ ಅರ್ಧ ರಸ್ತೆಗೆ ಹಾಸುತ್ತಾರೆ, ಅಂಚಿಗೆ ಕಲ್ಲಿಡುತ್ತಾರೆ. ಹೋಗಿಬರುವ ಗಾಡಿಗಳ ಚಕ್ರಕ್ಕೆ ಸಿಕ್ಕು ಕಾಳು ಉದುರುತ್ತದೆ. ಊರವರು ಪಕ್ಕಕ್ಕೆ ಸರಿದು ಹೋಗುವುದಿಲ್ಲ, ಬೇಕೆಂದೇ ಅದರ ಮೇಲೆ ಹಾಯಿಸುತ್ತಾರೆ. ಅದೊಂದು ಮರ್ಯಾದೆ, ಕೈ ಹಚ್ಚಿದ ಹಾಗೆ. ಆದರೆ ಹೊಟ್ಟಿನ ಕೆಳಗೆ ದುಂಡನೆಯ ಕಾಳು ಉರುಳುತ್ತಿರುತ್ತದೆ. ಅದರ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಚಕ್ರ ತಿರುಗುವುದು ನಿಂತು ಜಾರತೊಡಗುತ್ತದೆ, ಹ್ಯಾಂಡಲ್ ಮಡಚಿಕೊಳ್ಳುತ್ತದೆ. ಕಾಲು ಊರುವಷ್ಟು ಪುರಸೊತ್ತೂ ಇರುವುದಿಲ್ಲ.

“ತಿರುವಿನ್ಯಾಗ ಇತ್ರಿ, ದೂರದಿಂದ ಕಾಣೂದಿಲ್ಲ. ಗಾಡಿ ನಿಲ್ಲಸಾಕ ಹೋಗ್ಯಾಳ. ನಮ್ಮಣ್ಣ ಅಲ್ಲೇ ನಿಂತಾನ, ಕಣ್ಣಾರೆ ನೋಡ್ಯಾನ. ಬಿದ್ದ ಮ್ಯಾಲೂ ಆಕಿ ಕೈ ಬ್ರೇಕ್ ಬಿಟ್ಟಿರಲಿಲ್ಲಂತ್ರಿ.”

ನಿಲ್ಲುವವರೆಗೆ ಬಿಡಬೇಡ ಎಂದು ಅವಳಿಗೆ ಹೇಳಿಕೊಟ್ಟ ಬಾಯಿ ನನ್ನದೇ.

ಅವಳನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಊರವರು ಮಾಡಿದ ಮೊದಲ ಕೆಲಸ ರಸ್ತೆ ಗುಡಿಸಿದ್ದು. ಯಾರೂ ಯಾರಿಗೂ ಹೇಳಲಿಲ್ಲವಂತೆ. ಹೆಂಗಸರು ಪೊರಕೆ ತಂದರು, ಗಂಡಸರು ಕಲ್ಲು ಎತ್ತಿದರು, ಗಿಡವೆಲ್ಲ ಹೊಲ ಸೇರಿತು. ಪೊಲೀಸರು ಬಂದಾಗ ಡಾಂಬರು ಕನ್ನಡಿಯ ಹಾಗಿತ್ತು. ಪಂಚನಾಮೆಯಲ್ಲಿ ಕಡಲೆಯ ಮಾತೇ ಇಲ್ಲ, ಪ್ರಕರಣ ಗೂಡ್ಸ್ ಗಾಡಿಯ ಚಾಲಕನ ಮೇಲೆ ದಾಖಲಾಯಿತು.

ಮುಂದಿನ ಸಭೆಗೆ ಹೋಗುವಾಗ ಬ್ರೇಕಿನ ಪಾಠಕ್ಕೆ ಸೇರಿಸಬೇಕಾದ ಭಾಗವನ್ನು ಬರೆದುಕೊಂಡು ಹೋಗಿದ್ದೆ. ರಸ್ತೆಯ ಮೇಲೆ ಹೊಟ್ಟು ಕಂಡರೆ ಅದರ ಅಂಚು ಬರುವ ತನಕ, ಶುದ್ಧ ಡಾಂಬರಿನ ಮೇಲೆ, ಎರಡೂ ಬ್ರೇಕ್ ಹಿಡಿದು ವೇಗ ಇಳಿಸಬೇಕು. ಅಂಚು ಬಂದ ಕೂಡಲೇ ಎರಡನ್ನೂ ಬಿಡಬೇಕು. ಹ್ಯಾಂಡಲ್ ನೆಟ್ಟಗಿಟ್ಟು, ತಿರುಗಿಸದೆ, ಗಾಡಿ ತಾನಾಗಿ ಉರುಳಿಕೊಂಡು ದಾಟಲು ಬಿಡಬೇಕು. ಆಚೆಯ ಡಾಂಬರು ಸಿಕ್ಕ ಮೇಲೆ ಬೇಕಾದರೆ ಮತ್ತೆ ಹಿಡಿಯಬೇಕು. ಹೊಸಬರಿಗೆ ಇದು ಬಾಯಿಮಾತಿನಿಂದ ಬರುವುದಿಲ್ಲ. ಭಯವಾದಾಗ ಕೈ ಬಿಗಿಯುತ್ತದೆಯೇ ಹೊರತು ಬಿಡುವುದಿಲ್ಲ. ಅದಕ್ಕೇ ಮಾಡಿಸಿ ಕಲಿಸಬೇಕು.

ಅಧ್ಯಕ್ಷರು ಪೂರ್ತಿ ಓದಿದರು. ಅವರು ಕೆಟ್ಟವರಲ್ಲ, ಆಮೇಲೆ ನಡೆದುದನ್ನೆಲ್ಲ ಕಂಡ ಮೇಲೂ ಈ ಮಾತು ಹೇಳುತ್ತೇನೆ.

“ರಸ್ತೆ ಮೇಲೆ ಬೆಳೆ ಹಾಕುವುದೇ ಕಾನೂನಿಗೆ ವಿರುದ್ಧ ಅಮ್ಮಾ. ಅದನ್ನು ದಾಟುವುದು ಹೇಗೆ ಅಂತ ನಾವೇ ಪಾಠ ಮಾಡಿದರೆ ಒಪ್ಪಿಕೊಂಡ ಹಾಗೆ ಆಗುತ್ತೆ.”

“ಹಾಕೂದಂತೂ ಖರೇ ಐತಲ್ರಿ ಸರ್. ವರ್ಷಾ ಹಾಕ್ತಾರ.”

“ಇದರಿಂದ ಅಪಘಾತ ಆಗಿದೆ ಅನ್ನುವುದಕ್ಕೆ ದಾಖಲೆ ಏನಿದೆ? ಒಂದು ಕೊಡಿ, ನಾನೇ ಮುಂದೆ ನಿಂತು ಸೇರಿಸುತ್ತೇನೆ.”

ನನ್ನ ನಾಲಿಗೆಯ ತುದಿಯವರೆಗೆ ಹುಡುಗಿಯ ಹೆಸರು ಬಂತು. ಎಲ್ಲೂ ಆಡಬೇಡಿ ಎಂದು ಅವಳ ತಂದೆ ಹೇಳಿದ್ದ, ನುಂಗಿಕೊಂಡೆ. ಕೊನೆಗೆ ಅವರು ತಮ್ಮ ಕಡೆಯಿಂದ ಒಂದು ವಾಕ್ಯ ಸೇರಿಸಿದರು: ರಸ್ತೆಯ ಮೇಲೆ ಬೆಳೆ ಹರಡಿದ್ದು ಕಂಡುಬಂದಲ್ಲಿ ವಾಹನ ನಿಲ್ಲಿಸಿ ಸಂಬಂಧಪಟ್ಟವರಿಗೆ ಮಾಹಿತಿ ನೀಡಿ. ಸಭೆ ಚಹಾಕ್ಕೆ ಎದ್ದಿತು.

ನಾನು ಮತ್ತೆ ಘೋಣಸಗಿಗೆ ಹೋದೆ. ಕಡಲೆ ಇತ್ತು ಎಂದು ಒಂದು ಹೇಳಿಕೆ ಬರೆದುಕೊಟ್ಟರೆ ಪಾಠ ಪುಸ್ತಕಕ್ಕೆ ಬರುತ್ತದೆ, ಇನ್ನೊಬ್ಬರ ಮಕ್ಕಳು ಉಳಿಯುತ್ತಾರೆ ಎಂದು ತಂದೆಗೆ ವಿವರಿಸಿದೆ.

“ನಾ ಬರದಕೊಟ್ಟರ ನಮ್ಮಣ್ಣ ಜೇಲಿಗಿ ಹೋಗತಾನ್ರಿ. ಆಕೀನ ಹೆಗಲ ಮ್ಯಾಲೆ ಹೊತ್ತ ಆಡಿಸ್ಯಾನ ಅಂವ. ಊಟಾ ಬಿಟ್ಟಾನ ಈಗ. ಮಗಳ ಹ್ವಾದ್ಲು, ಇನ್ನ ಅಣ್ಣನ್ನೂ ಕಳಕೋಬೇಕೇನ್ರಿ ನಾನು?”

“ಆ ಡ್ರೈವರ್?”

“ಆತಂದ ತಪ್ಪಿಲ್ಲ ಅನ್ನೂದು ಗೊತ್ತೈತ್ರಿ ಆಪಾ. ರಾತ್ರಿ ನಿದ್ದಿ ಬರೂದಿಲ್ಲ ಅದಕ್ಕ. ಆದ್ರೂ ಆಗೂದಿಲ್ರಿ. ಆಕಿ ಹೆಸರ ತರಬ್ಯಾಡ್ರಿ ಇದರಾಗ.”

ನಾನು ಒತ್ತಾಯ ಮಾಡಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಅವನ ಮೇಲೆ ಸಿಟ್ಟು ಬರುತ್ತಿತ್ತು. ಮಗಳನ್ನು ಕಳೆದುಕೊಂಡವನ ಮೇಲೆ ಸಿಟ್ಟಾಗುತ್ತಿದ್ದೇನಲ್ಲ ಎಂದು ನನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು.

ಬಬಲೇಶ್ವರದ ತಂಡಕ್ಕೆ ಪಾಠ ಶುರು ಮಾಡಿದಾಗ ಬೇಸಿಗೆಯ ಬಿಸಿಲು ಏರಿತ್ತು. ಬ್ರೇಕಿನ ಪಾಠ ಬಂತು. ಹೊಸ ವಾಕ್ಯವನ್ನೂ ಇದ್ದದ್ದು ಇದ್ದ ಹಾಗೆ ಓದಿದೆ. ಹಿಂದಿನ ಬೆಂಚಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

“ಮೇಡಂ, ಗಾಡಿ ನಿಲ್ಸಿ ತಿಳಸ್ರಿ ಅಂತೈತಿ. ಹೊಟ್ಟಿನ ಮ್ಯಾಲೆ ನಿಲ್ಸೂದ ಹ್ಯಾಂಗ್ರಿ? ನಮ್ಮ ಕಾಕಾ ಹೋದವರ್ಷ ನಿಲ್ಸಾಕ ಹೋಗೇ ಬಿದ್ದ ಕೈ ಮುರಕೊಂಡ.”

ತರಗತಿ ನಕ್ಕಿತು. ಅವಳು ನಗಲಿಲ್ಲ. ಉತ್ತರಕ್ಕೆ ಕಾಯುತ್ತ ನಿಂತೇ ಇದ್ದಳು. ನನ್ನ ಕೈಯಲ್ಲಿದ್ದ ಪಠ್ಯದಲ್ಲಿ ಅದಕ್ಕೆ ಉತ್ತರವಿರಲಿಲ್ಲ, ನನ್ನ ತಲೆಯಲ್ಲಿತ್ತು. ಅದನ್ನು ಹೇಳಲು ನನಗೆ ಅನುಮತಿ ಇರಲಿಲ್ಲ. ಟಿಕೋಟಾದಲ್ಲಿ ನಿಯಮ ಪಾಲಿಸಿದ್ದೆ, ಅದರ ಫಲ ಕಂಡಾಗಿತ್ತು. ಪುಸ್ತಕ ಮುಚ್ಚಿದೆ.

“ಕುಂಡ್ರವಾ. ಐತವಾರ ಮುಂಜಾನೆ ಎಲ್ಲಾರೂ ಗಾಡಿ ತಗೊಂಡ ಬರ್ರಿ. ತೋರಸ್ತೇನಿ.”

ಜಾಗ ಹುಡುಕುವುದು ಕಷ್ಟವಾಗಲಿಲ್ಲ. ಹೊಸ ರಸ್ತೆಯನ್ನು ನೆಟ್ಟಗೆ ಮಾಡಿದಾಗ ಬದಿಗೆ ಉಳಿದ ಹಳೆಯ ಡಾಂಬರಿನ ತುಂಡೊಂದು ಊರ ಹೊರಗೆ ಬಿದ್ದಿತ್ತು, ಆಡುಗಳ ಹೊರತು ಯಾರೂ ಓಡಾಡುತ್ತಿರಲಿಲ್ಲ. ಹೊಟ್ಟು ಬೇಕಾಗಿತ್ತು. ಕಡಲೆ ಹೊಟ್ಟನ್ನು ದನಕ್ಕೆಂದು ಎತ್ತಿಟ್ಟವರು ಬಹಳ ಜನ ಇದ್ದರು, ರಸ್ತೆಗೆ ಹಾಕುತ್ತೇನೆ ಎಂದರೆ ಕೊಡುವವರು ಯಾರೂ ಇರಲಿಲ್ಲ. ಕೊನೆಗೆ ಕೇಳಬಾರದವನನ್ನೇ ಕೇಳಿದೆ. ಯಾಕೆ ಬೇಕು, ಯಾವತ್ತು ಎಲ್ಲಿಗೆ ಬೇಕು ಎಂದು ಫೋನಿನಲ್ಲಿ ಹೇಳಿ ಮುಗಿಸಿದೆ. ಘೋಣಸಗಿಯ ಆ ತಂದೆ ಫೋನ್ ಇಟ್ಟ.

ಭಾನುವಾರ ಬೆಳಿಗ್ಗೆ ನಾನು ಹೋಗುವ ಮೊದಲೇ ಅಲ್ಲಿ ಅವನ ಟ್ರ್ಯಾಕ್ಟರ್ ನಿಂತಿತ್ತು. ಟ್ರಾಲಿಯಿಂದ ಹೊಟ್ಟು ಇಳಿಸಿ, ಬಿದಿರು ಕೋಲಿನಿಂದ ಅರ್ಧ ರಸ್ತೆಗೆ ಹಾಸುತ್ತಿದ್ದ. ಅಂಚಿಗೆ ಕಲ್ಲಿಡಲಿಲ್ಲ. ಹಾಸಿ ಮುಗಿದ ಮೇಲೆ ಚೀಲವೊಂದನ್ನು ಬಿಚ್ಚಿ, ಬಿತ್ತುವವನಂತೆ ಹಿಡಿ ಹಿಡಿಯಾಗಿ ಕಡಲೆ ಕಾಳು ಎರಚಿದ.

“ಕಾಳ ಯಾಕ್ರಿ?” ಎಂದೆ.

“ಆವತ್ತ ಇತ್ತಲ್ರಿ,” ಎಂದ.

ಅವನು ದೂರ ಹೋಗಿ ಟ್ರ್ಯಾಕ್ಟರಿನ ಆಚೆ, ನಮಗೆ ಬೆನ್ನು ಮಾಡಿ ನಿಂತ. ನಾನು ಮಕ್ಕಳಿಗೆ ಮೊದಲು ನಡೆದು ತೋರಿಸಿದೆ, ಆಮೇಲೆ ಗಾಡಿ ಹತ್ತಿ ತೋರಿಸಿದೆ. ಸೈಕಲ್ ತುಳಿಯುವಷ್ಟೇ ವೇಗದಿಂದ ಶುರು ಮಾಡಿಸಿದೆ. ಅಂಚಿನಲ್ಲಿ ನಿಂತು “ಬಿಡು” ಎಂದು ಕೂಗುತ್ತಿದ್ದೆ. ಮೊದಮೊದಲು ಯಾರ ಕೈಯೂ ಬಿಡಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೇ ಮೊದಲು ಜಾರಿದಳು, ಬಟ್ಟೆಯ ತುಂಬ ಹೊಟ್ಟು ಮೆತ್ತಿಕೊಂಡು ಎದ್ದಳು, ಎರಡನೆಯ ಸಲವೂ ಜಾರಿದಳು. ಮೂರನೆಯ ಸಲ ಅಂಚಿಗೆ ಬಂದು ಎರಡೂ ಕೈ ಸಡಿಲಿಸಿದಳು. ಗಾಡಿ ಕಾಳಿನ ಮೇಲೆ ಕರಕರ ಸದ್ದು ಮಾಡುತ್ತ, ಅಲುಗಾಡದೆ, ಆಚೆ ದಾಟಿತು. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಎಲ್ಲರೂ ದಾಟಿದ್ದರು. ನನಗೆ ಸಂತೋಷವಾಗಲಿಲ್ಲ. ಇಷ್ಟು ಸಣ್ಣ ಕೆಲಸವನ್ನು ಟಿಕೋಟಾದಲ್ಲಿ ಒಂದು ಬೆಳಿಗ್ಗೆ ಮಾಡಿಸಿದ್ದರೆ ಸಾಕಿತ್ತು.

ಮಕ್ಕಳೆಂದ ಮೇಲೆ ವಿಡಿಯೊ ಮಾಡದಿರುತ್ತಾರೆಯೇ? ಜಾರಿ ಬಿದ್ದವರ ವಿಡಿಯೊಗಳೇ ಎಲ್ಲರ ಮೊಬೈಲುಗಳಲ್ಲಿ ಓಡಾಡಿದವು. ಸಮಿತಿಗೂ ತಲುಪಿದವು. ನನಗೆ ನೋಟಿಸು ಬಂತು: ಸಾರ್ವಜನಿಕ ರಸ್ತೆಯ ಮೇಲೆ ಜಾರುವ ಸ್ವರೂಪದ ಬೆಳೆ ತ್ಯಾಜ್ಯವನ್ನು ಹರಡಿ ತರಬೇತಿ ಪಡೆಯುವವರ ಜೀವಕ್ಕೆ ಅಪಾಯ ಉಂಟುಮಾಡಿದ್ದೀರಿ, ಕಾರಣ ಕೊಡಿ. ತಲೆತಲಾಂತರದಿಂದ ಇಡೀ ಸೀಮೆ ರಸ್ತೆಗೆ ರಾಶಿ ಹಾಕುತ್ತ ಬಂದರೂ ಹೀಗೊಂದು ನೋಟಿಸು ಪಡೆದವರನ್ನು ನಾನು ಕೇಳಿರಲಿಲ್ಲ. ಒಂದು ಎಕರೆ ಹೊಲವೂ ಇಲ್ಲದ ನನಗೆ ಬಂತು.

ಮಳೆಗಾಲದ ಶುರುವಿನಲ್ಲಿ ವಿಚಾರಣೆ ನಡೆಯಿತು. ಸಭೆಗೆ ಮೊದಲು ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿದರು.

“ನೋಡಿ ಅಮ್ಮಾ, ಇದನ್ನು ದೊಡ್ಡದು ಮಾಡುವ ಇಷ್ಟ ನನಗಿಲ್ಲ. ತೆಳುವಾಗಿ ಹಾಕಿದ್ದ ಮೆತ್ತನೆಯ ಹೊಟ್ಟು, ಅದರಿಂದ ಯಾವ ಅಪಾಯವೂ ಇರಲಿಲ್ಲ ಅಂತ ನಾಲ್ಕು ಸಾಲು ಬರೆದುಕೊಡಿ. ಇವತ್ತೇ ಮುಗಿಸಿಬಿಡೋಣ. ಮುಂದಿನ ತಂಡಗಳೂ ನಿಮ್ಮವೇ.”

“ಅಪಾಯ ಇತ್ತಂತ ಬರದ್ರ?”

“ಗೊತ್ತಿದ್ದೂ ಮಕ್ಕಳನ್ನು ಅದರ ಮೇಲೆ ಓಡಿಸಿದ ಹಾಗಾಯಿತು. ಮಾನ್ಯತೆ ಹೋಗುತ್ತೆ. ಆಮೇಲೆ ಯಾವ ಕಾಲೇಜಿನಲ್ಲೂ ನೀವು ಕಲಿಸುವ ಹಾಗಿಲ್ಲ.”

ಕಾಗದ ಮುಂದಿಟ್ಟು ಅವರು ಹೊರಗೆ ಹೋದರು. ಮನಸ್ಸು ಹೊಯ್ದಾಡಿತು ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಸುಳ್ಳು ಬರೆದರೆ ಕೆಲಸ ಉಳಿಯುತ್ತದೆ, ಇನ್ನೂ ಎಷ್ಟೋ ಹುಡುಗಿಯರಿಗೆ ಕಲಿಸಬಹುದು. ಆದರೆ ಏನನ್ನು ಕಲಿಸುವುದು? ಹೊಟ್ಟಿನಿಂದ ಅಪಾಯವಿಲ್ಲ ಎಂದು ನಾನೇ ಸಹಿ ಮಾಡಿದ ಮೇಲೆ ಆ ಪಾಠ ಯಾವ ಕಾಲಕ್ಕೂ ಪುಸ್ತಕದೊಳಗೆ ಬರುವುದಿಲ್ಲ. ಅಧ್ಯಕ್ಷರು ದಾಖಲೆ ಕೇಳಿದ್ದರಲ್ಲ. ಸತ್ತವಳ ಹೆಸರಿಲ್ಲದ, ಅವಳ ದೊಡ್ಡಪ್ಪನನ್ನು ಜೈಲಿಗೆ ಕಳಿಸದ ಒಂದೇ ದಾಖಲೆ ನನ್ನಿಂದ ಸಾಧ್ಯವಿತ್ತು.

ಬರೆದೆ. ಕಡಲೆ ಹೊಟ್ಟು ಡಾಂಬರಿನ ಮೇಲೆ ಅಪಾಯಕಾರಿ. ಈಗಿನ ಪಠ್ಯದಲ್ಲಿರುವಂತೆ ಬ್ರೇಕ್ ಹಿಡಿದರೆ ಹೊಸ ಚಾಲಕರು ಬೀಳುತ್ತಾರೆ, ತರಬೇತಿಯಲ್ಲಿ ಬಿದ್ದರು. ಇದು ಗೊತ್ತಿದ್ದೇ ನಾನು ಕಲಿಸಿದೆ.

ಅಂದೇ ನನ್ನ ಮಾನ್ಯತೆ ರದ್ದಾಯಿತು, ಸಮಿತಿಯಿಂದಲೂ ಹೆಸರು ತೆಗೆದರು. ಆದರೆ ಸಮಿತಿಯಲ್ಲಿದ್ದ ಕಾನೂನು ಸಲಹೆಗಾರರು ಪಟ್ಟು ಹಿಡಿದರಂತೆ. ಅಪಾಯವಿದೆ ಎಂದು ಈ ಸಮಿತಿಯೇ ಒಬ್ಬರ ಮೇಲೆ ಕ್ರಮ ಕೈಗೊಂಡ ಮೇಲೆ, ಆ ಅಪಾಯದ ಬಗ್ಗೆ ಮಕ್ಕಳಿಗೆ ತಿಳಿಸದೆ ಪುಸ್ತಕ ಹೊರತಂದರೆ ನಾಳೆ ಉತ್ತರ ಕೊಡಬೇಕಾದವರು ನಾವೇ ಎಂದರಂತೆ. ದಸರೆಯ ಹೊತ್ತಿಗೆ ಪುಸ್ತಕ ಅಚ್ಚಾಗಿ ಬಂತು. ಬ್ರೇಕಿನ ಪಾಠದ ಕೊನೆಗೆ ಅರ್ಧ ಪುಟ, ನಾನು ಬರೆದುಕೊಟ್ಟ ಮಾತುಗಳು ಬಹುಪಾಲು ಹಾಗೆಯೇ ಇದ್ದವು. ಕೆಳಗೆ ದಪ್ಪ ಅಕ್ಷರಗಳಲ್ಲಿ, ಇದರ ಪ್ರಾಯೋಗಿಕ ತರಬೇತಿಯನ್ನು ನಿಷೇಧಿಸಲಾಗಿದೆ ಎಂದಿತ್ತು. ಓದಿಸಬಹುದು, ಮಾಡಿಸುವಂತಿಲ್ಲ. ಗೆದ್ದೆನೋ ಸೋತೆನೋ ನನಗೆ ತಿಳಿಯಲಿಲ್ಲ.

ಒಂದು ಪ್ರತಿ ತೆಗೆದುಕೊಂಡು ಘೋಣಸಗಿಗೆ ಹೋದೆ. ತಂದೆ ಹೊಲದಿಂದ ಆಗಷ್ಟೇ ಬಂದಿದ್ದ. ಕೈಕಾಲು ತೊಳೆದುಕೊಂಡು ಬಂದು ಎದುರು ಕೂತ.

“ಓದ್ರಿ ಆಪಾ, ಕೇಳೂನು.”

ಅರ್ಧ ಪುಟ ಓದಲು ಎಷ್ಟು ಹೊತ್ತು ಬೇಕು? ಓದಿ ಮುಗಿಸಿದೆ. ಅವನು ನೆಲ ನೋಡುತ್ತ ಹೇಳಿದ.

“ಆಕಿ ಇಲ್ಲಲ್ರಿ ಇದರಾಗ.”

“ನೀವ ಬ್ಯಾಡ ಅಂದಿದ್ರಿ.”

“ಹೌದ್ರಿ. ನಾನ ಅಂದಿದ್ದೆ.”

ಒಳಮನೆಯಿಂದ ತಾಯಿ ಎದ್ದು ಬಂದಳು. ಅವಳ ದನಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನನ್ನ ಮುಂದೆ ನೆಲಕ್ಕೆ ಕೂತು, ತನಗೆ ಓದಲು ಬಾರದ ಆ ಪುಟದ ಮೇಲೆ ಅಂಗೈ ಇಟ್ಟಳು.

“ಇನ್ನೊಮ್ಮೆ ಓದ್ರಿ ಆಪಾ, ಸಾವಕಾಶ ಓದ್ರಿ. ನನ್ನ ಮಗಳ ಬ್ರೇಕ್ ಎಲ್ಲಿ ಬಿಡಬೇಕಾಗಿತ್ತು ಅನ್ನೂದ ನನಗ ತಿಳೀಲಿಲ್ಲ.”

ನಾನು ಮೊದಲಿನಿಂದ ಓದಿದೆ.